ಓಟಿಪಿ ಬಾರದವರ ಭಾನುವಾರ

ಹೊರರಾಜ್ಯದಿಂದ ಕೂಲಿಗೆ ಬಂದವರಿಗಾಗಿ ಸಮುದಾಯ ಭವನದಲ್ಲಿ ವಾರಕ್ಕೊಂದು ದಿನ, ಭಾನುವಾರ, ಸಹಾಯ ಕೇಂದ್ರ ಮಾಡಿಕೊಂಡು ಕೂರುತ್ತೇವೆ ಎಂದಾಗ ನಮ್ಮ ಬಡಾವಣೆಯವರು ಹಳೇ ಸ್ವೆಟರು, ಕಂಬಳಿ, ಮಕ್ಕಳ ಬಟ್ಟೆ ಎಲ್ಲ ಗಂಟು ಕಟ್ಟಿ ತಂದು ಕೊಟ್ಟರು. ಚಿಕ್ಕಮಗಳೂರಿನ ಚಳಿಗೆ ಅವೂ ಬೇಕಾದವೇ, ಹಂಚಿದೆವು. ಆದರೆ ಬಂದವರು ಕೇಳಿದ್ದು ಕಂಬಳಿಯನ್ನಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಆಧಾರ್ ಕಾರ್ಡನ್ನು ಮೇಜಿನ ಮೇಲಿಟ್ಟು, ಒಬ್ಬರಾದ ಮೇಲೊಬ್ಬರು ಹೇಳಿದ್ದು ಒಂದೇ ಮಾತು: "ದೀದಿ, ಓಟಿಪಿ ನಹೀ ಆತಾ."

ಅಸ್ಸಾಮಿನಿಂದಲೋ ಜಾರ್ಖಂಡಿನಿಂದಲೋ ಹೊರಟವರು ದಿನಗಟ್ಟಲೆ ರೈಲಿನಲ್ಲಿ ಕೂತು ಬೆಂಗಳೂರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಇಲ್ಲಿ ಇಳಿಯುವಷ್ಟರಲ್ಲಿ ಊರಿನ ಸಿಮ್ಮಿನ ರೀಚಾರ್ಜ್ ಮುಗಿದಿರುತ್ತದೆ. ಮೇಸ್ತ್ರಿ ಹೊಸ ಸಿಮ್ ಕೊಡಿಸುತ್ತಾನೆ. ಹಳೆಯದನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಆ ನಂಬರು ಇನ್ಯಾರದೋ ಆಗಿಬಿಡುತ್ತದೆ. ಆಧಾರ್‌ನಲ್ಲಿ ಮಾತ್ರ ಉಳಿದಿರುವುದು ಆ ಸತ್ತ ನಂಬರೇ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ ಇರಲಿ, ಆಯುಷ್ಮಾನ್ ಕಾರ್ಡ್ ಇರಲಿ, ಬ್ಯಾಂಕಿನ ಕೆವೈಸಿ ಇರಲಿ, ಯಾವ ಬಾಗಿಲು ತಟ್ಟಿದರೂ ಓಟಿಪಿ ಹೋಗುವುದು ಆ ನಂಬರಿಗೆ. ಸರ್ಕಾರದ ಕೆಲವು ಯೋಜನೆಗಳು ದೇಶದ ಯಾವ ಮೂಲೆಯಲ್ಲಿದ್ದರೂ ಸಿಗುವ ಹಾಗೆ ಮಾಡಿದ್ದಾರೆ ನಿಜ. ಆದರೆ ಮೂರು ತಿಂಗಳ ಕೆಲಸಕ್ಕೆ ಬಂದವರು ಎರಡು ಸಿಮ್ಮಿಗೂ ರೀಚಾರ್ಜ್ ಹಾಕಿಸಿಕೊಂಡು ಕೂರುತ್ತಾರೆಯೇ?

ನಾನು ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತಳಾದವಳು. ಕೌಂಟರಿನ ಆಚೆ ನಿಂತವರ ಕೈಯಲ್ಲಿರುವ ಕಾಗದ ನೋಡಿದರೆ ಅವರಿಗೆ ಏನಾಗಬೇಕು ಅನ್ನುವುದು ಅರ್ಧ ತಿಳಿದುಬಿಡುತ್ತದೆ. ಹಿಂದೆಲ್ಲ ಎಸ್ಟೇಟಿನ ತಮಿಳರು, ಘಟ್ಟದ ಕೆಳಗಿನವರು ಸಂಬಳದ ಮಾರನೇ ದಿನ ಸಾಲಾಗಿ ನಿಲ್ಲುತ್ತಿದ್ದರು, ನಾನು ಮನಿ ಆರ್ಡರ್ ಫಾರಂ ತುಂಬಿಕೊಡುತ್ತಿದ್ದೆ. ನಮ್ಮ ಅಜ್ಜಿಯೂ ಚಾರ್ಮಾಡಿ ಘಾಟಿ ಹತ್ತಿ ಬಂದವಳೇ. ಆಗ ಅಂಥವರನ್ನು ಇಲ್ಲಿ 'ಕನ್ನಡ ಜಿಲ್ಲೆಯವರು' ಅನ್ನುತ್ತಿದ್ದರು. ಅಮ್ಮ ಹುಟ್ಟಿದ್ದು ತೋಟದ ಕೂಲಿಯವರ ಲೈನ್ ಮನೆಯಲ್ಲಿ. ಭವನದ ಬೀಗದ ಕೈ ಕೇಳಲು ಬಡಾವಣೆಯ ಸಭೆಗೆ ಹೋದಾಗ ಒಬ್ಬರು, "ಹೊರಗಿನವರಿಗೆ ಒಮ್ಮೆ ಜಾಗ ಕೊಟ್ಟರೆ ಮುಗೀತು ಬಿಡಿ ಅಕ್ಕ" ಅಂದರು. ಅವರ ತಂದೆಯೂ ನಮ್ಮ ಅಜ್ಜಿ ಬಂದ ದಾರಿಯಲ್ಲೇ ಬಂದವರು ಎಂದು ನನಗೆ ಗೊತ್ತು, ಅವರಿಗೂ ಗೊತ್ತು. ನಾನು ಏನೂ ಹೇಳಲಿಲ್ಲ. ಬೀಗದ ಕೈ ಸಿಕ್ಕಿತು.

ಷರತ್ತುಗಳಿದ್ದವು. ಒಳಗೆ ಅಡುಗೆ ಮಾಡಕೂಡದು, ಭಾನುವಾರ ಮಧ್ಯಾಹ್ನದೊಳಗೆ ಗುಡಿಸಿ ಬೀಗ ಹಾಕಬೇಕು, ನಾಮಕರಣವೋ ಸೀಮಂತವೋ ಬುಕ್ ಆದ ದಿನ ಜಾಗ ಬಿಡಬೇಕು. ಕೂರುತ್ತಿದ್ದವರು ನಾನು, ನಿವೃತ್ತ ಹೆಡ್‌ಮಾಸ್ಟರೊಬ್ಬರು, ಸೇವಾ ಸಿಂಧು ಅರ್ಜಿ ಹಾಕುವ ಅಂಗಡಿಯ ಹುಡುಗ, ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ಬೀಜ ಆರಿಸುವ ಕೆಲಸ ಮಾಡುವ ಒಬ್ಬ ಹೆಂಗಸು. ಈ ಕೊನೆಯವಳು ಇರದಿದ್ದರೆ ಕೇಂದ್ರ ನಡೆಯುತ್ತಲೇ ಇರಲಿಲ್ಲ. ಅವಳ ಪಕ್ಕದಲ್ಲಿ ಕೂತು ಬೀಜ ಆರಿಸುವವರಲ್ಲಿ ಅಸ್ಸಾಮಿನ ಹೆಂಗಸರೂ ಇದ್ದರು, ಅವರನ್ನು ಕೈಹಿಡಿದು ಕರೆತಂದವಳು ಅವಳು.

ಆಧಾರ್‌ಗೆ ಮೊಬೈಲ್ ನಂಬರ್ ಸೇರಿಸಲು ಯಾವ ದಾಖಲೆಯೂ ಬೇಕಿಲ್ಲ, ಆ ಮನುಷ್ಯ ಮತ್ತು ಅವನ ಬೆರಳು ಇದ್ದರೆ ಸಾಕು. ಆದರೆ ಆಧಾರ್ ಕೇಂದ್ರಕ್ಕೆ ಬೆಳಿಗ್ಗೆಯೇ ಹೋಗಿ ಟೋಕನ್ ಹಿಡಿಯಬೇಕು, ಅಂದರೆ ಒಂದು ದಿನದ ಕೂಲಿ ಹೋಯಿತು. ಕೊಯ್ಲಿನ ಕಾಲದಲ್ಲಿ ಕೆಜಿ ಲೆಕ್ಕದಲ್ಲಿ ದುಡಿಯುವವರಿಗೆ ಅದು ಸಣ್ಣ ಮೊತ್ತವಲ್ಲ. ಪೋಸ್ಟ್‌ಮ್ಯಾನ್‌ಗಳೇ ಮನೆ ಬಾಗಿಲಿಗೆ ಬಂದು ಈ ಕೆಲಸ ಮಾಡಿಕೊಡುವ ವ್ಯವಸ್ಥೆ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ 2021ರಿಂದ ಇದೆ. ಇಲಾಖೆಯ ಒಳಗಿದ್ದವಳಾದ್ದರಿಂದ ನನಗೆ ಗೊತ್ತಿತ್ತು, ಊರಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಹಳೇ ಸಹೋದ್ಯೋಗಿಗಳಿಗೆ ಫೋನ್ ಮಾಡಿ, ಪೋಸ್ಟ್‌ಮ್ಯಾನ್ ಒಬ್ಬರನ್ನು ಡ್ಯೂಟಿ ಮುಗಿದ ಮೇಲೆ ಸಂಜೆ ಭವನಕ್ಕೆ ಕರೆಸಿದೆವು. ಒಂದು ಮೊಬೈಲು, ಬೆಂಕಿಪೊಟ್ಟಣದಷ್ಟು ದೊಡ್ಡ ಬೆರಳಚ್ಚು ಯಂತ್ರ, ಅಷ್ಟೇ ಅವರ ಸರಂಜಾಮು. ಶುಲ್ಕ ಮೊದಲು 50 ರೂಪಾಯಿ ಇತ್ತು, 2025ರ ಅಕ್ಟೋಬರಿನಿಂದ 75 ಆಯಿತು.

ನಂಬರ್ ಸೇರಿದ ಮೇಲೆ ಉಳಿದ ಕೆಲಸಗಳು ಒಂದೊಂದಾಗಿ ಬಿಚ್ಚಿಕೊಂಡವು. ಇ-ಶ್ರಮ್ ನೋಂದಣಿ ಸುಲಭ: 16ರಿಂದ 59 ವರ್ಷದ ಒಳಗಿನವರು, ಪಿಎಫ್ ಇಲ್ಲದವರು, ಆದಾಯ ತೆರಿಗೆ ಕಟ್ಟದವರು ಮಾಡಿಸಬಹುದು. ಕಟ್ಟಡ ಕೆಲಸದವರಿಗೆ ಕಾರ್ಮಿಕ ಮಂಡಳಿಯ ಕಾರ್ಡು ಇದೆ, ಅದಕ್ಕೆ ಹಿಂದಿನ ಒಂದು ವರ್ಷದಲ್ಲಿ 90 ದಿನ ದುಡಿದ ಪತ್ರ ಬೇಕು. ಆ ಪತ್ರಕ್ಕೆ ಸಹಿ ಹಾಕಲು ಕಂಟ್ರಾಕ್ಟರುಗಳು ಕೈ ಮುಂದೆ ಮಾಡುವುದಿಲ್ಲ. ಅದು ಬೇರೆಯದೇ ಕಥೆ, ಇಲ್ಲಿ ಬೇಡ.

ಎಲ್ಲಕ್ಕಿಂತ ಹೆಚ್ಚು ಸಮಯ ತಿಂದದ್ದು ರೇಷನ್. ಒಂದು ದೇಶ ಒಂದು ಪಡಿತರ ಚೀಟಿ ಎಂಬ ವ್ಯವಸ್ಥೆ 2019ರಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾಗಿ, ಕರ್ನಾಟಕಕ್ಕೆ 2020ರಲ್ಲಿ ಬಂತು. ಎಲ್ಲರಿಗಿಂತ ಕೊನೆಗೆ ಸೇರಿದ ರಾಜ್ಯ ಅಸ್ಸಾಂ, 2022ರ ಜೂನ್‌ನಲ್ಲಿ. ಕಾರ್ಡು ಊರಿನ ಮನೆಯಲ್ಲೇ ಇರಬಹುದು, ಅದರ ನಂಬರೋ ಆಧಾರ್ ನಂಬರೋ ಹೇಳಿ ಬೆರಳು ಕೊಟ್ಟರೆ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಕೊಡಬೇಕು. ಗಂಡ ಇಲ್ಲಿ ತನ್ನ ಪಾಲಿನ 5 ಕೆಜಿ ತಗೊಂಡರೆ ಹೆಂಡತಿ ಮಕ್ಕಳು ಅಲ್ಲಿ ತಮ್ಮ ಪಾಲನ್ನು ತಗೋಬಹುದು. ಕೇಂದ್ರ ಸರ್ಕಾರದ ಈ ಪಾಲಿಗೆ 2023ರ ಜನವರಿಯಿಂದ ದುಡ್ಡೂ ಕೊಡಬೇಕಿಲ್ಲ. ನಮ್ಮ ರಾಜ್ಯ ತನ್ನ ಕಾರ್ಡುದಾರರಿಗೆ ಮೇಲಿಂದ ಕೊಡುವುದು ಮಾತ್ರ ಇವರಿಗೆ ಇಲ್ಲ.

ಇಷ್ಟನ್ನು ನಾವು ಪಾಠದ ಹಾಗೆ ಹೇಳಿದಾಗ ಎಲ್ಲರೂ ತಲೆಯಾಡಿಸಿದರು, ಯಾರೂ ಅಂಗಡಿಗೆ ಹೋಗಲಿಲ್ಲ. ವಿಚಾರಿಸಿದರೆ ಒಬ್ಬನ ತಾಯಿಗೆ ಊರಿನಲ್ಲಿ ಯಾರೋ, "ಮಗ ಅಲ್ಲಿ ಅಕ್ಕಿ ತಗೊಂಡರೆ ಇಲ್ಲಿ ಕಾರ್ಡೇ ರದ್ದಾಗುತ್ತೆ" ಅಂದಿದ್ದರು. ಅದು ಫೋನಿನಿಂದ ಫೋನಿಗೆ ಹರಡಿತ್ತು. ಕೊನೆಗೆ ಹೆಡ್‌ಮಾಸ್ಟರು ತಮ್ಮ ಹಿಂದಿಯಲ್ಲಿ ಆ ತಾಯಿಯ ಜೊತೆಗೇ ಮಾತಾಡಿದರು. ಅವರ ಹಿಂದಿ ಆಕೆಗೆ ಎಷ್ಟು ಅರ್ಥವಾಯಿತೋ, ಆಕೆ ಹೂಂ ಅಂದಳು. ಮಗ ಹೊರಟ, ನಾನೂ ಜೊತೆಗೆ ಹೋದೆ. ಅಂಗಡಿಯವರು ಮೊದಲ ಮಾತಿಗೇ "ಹೊರರಾಜ್ಯದ ಕಾರ್ಡ್ ನಮ್ಮಲ್ಲಿ ಬರಲ್ಲಮ್ಮ" ಅಂದರು. ಜಗಳಕ್ಕೆ ಹೋಗಲಿಲ್ಲ. 14445 ಸಹಾಯವಾಣಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಅತ್ತಲಿಂದ ಉತ್ತರ ಬರುವ ಮೊದಲೇ ಅಂಗಡಿಯವರು ನಂಬರ್ ಒತ್ತಿ ನೋಡಿದರು. ಪರದೆಯ ಮೇಲೆ ಅವನ ಅಪ್ಪ, ಅಮ್ಮ, ತಂಗಿಯರ ಹೆಸರೆಲ್ಲ ಬಂದವು. ಅಂಗಡಿಯವರಿಗೂ ಆಶ್ಚರ್ಯ. "ಅರೆ, ಬರುತ್ತಲ್ಲ!" ಎಂದು ನಮಗಿಂತ ಹೆಚ್ಚು ಖುಷಿಪಟ್ಟವರು ಅವರೇ. ಆಮೇಲೆ ಅವರು ಹೊರರಾಜ್ಯದವರು ಬಂದರೆ ತಾವೇ ಕೂರಿಸಿ ನೋಡಿಕೊಡುತ್ತಿದ್ದರು.

ಇನ್ನೊಂದು ತೊಡಕು ಬೆರಳಿನದ್ದು. ಕಾಫಿ ಹಣ್ಣು ಕೊಯ್ಯುವವರ ಕೈ ನೋಡಿದವರಿಗೆ ಗೊತ್ತು. ಹಣ್ಣಿನ ಅಂಟು, ಗಿಡದ ಕರೆ ಸೇರಿ ಕೈ ಕಪ್ಪಾಗುತ್ತದೆ, ತುದಿಬೆರಳ ಚರ್ಮ ಒಡೆಯುತ್ತದೆ. ಸಿಮೆಂಟ್ ಕೆಲಸದವರದ್ದು ಇನ್ನೂ ಕಷ್ಟ, ಬೆರಳಿನ ಗೆರೆಯೇ ಸವೆದಿರುತ್ತದೆ. ಯಂತ್ರ ಅವರನ್ನು ಗುರುತಿಸುವುದಿಲ್ಲ. ಹಿಂದಿನ ರಾತ್ರಿ ಬಿಸಿನೀರಿನಲ್ಲಿ ತೊಳೆದು ಕೊಬ್ಬರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಚೆನ್ನಾಗಿ ಒರೆಸಿಕೊಂಡು ಬನ್ನಿ, ಹೆಬ್ಬೆರಳು ಆಗದಿದ್ದರೆ ಉಂಗುರದ ಬೆರಳು ಕೊಟ್ಟು ನೋಡಿ ಎಂದು ಹೇಳಿಕೊಡುವುದು ನಮ್ಮ ಕೇಂದ್ರದ ದೊಡ್ಡ 'ಸೇವೆ'ಗಳಲ್ಲಿ ಒಂದಾಯಿತು. ಅದರಿಂದಲೂ ಆಗದಿದ್ದರೆ ಕಣ್ಣಿನ ಪಾಪೆ ನೋಡುವ ಯಂತ್ರವಿರುವ ಕಡೆಗೆ ಕಳಿಸುತ್ತಿದ್ದೆವು.

ಅಕ್ಕಿಯ ಜೊತೆ ರಾಗಿ ಬಂದ ತಿಂಗಳು ಇನ್ನೊಂದು ತಮಾಷೆ. ಚೀಲ ಬಿಚ್ಚಿ, ಇದು ಯಾವ ಬೀಜ, ಬಿತ್ತುವುದಾ ತಿನ್ನುವುದಾ ಎಂದು ಕೇಳಿಕೊಂಡು ಬಂದರು. ಕ್ಯೂರಿಂಗ್‌ನ ನಮ್ಮ ಗೆಳತಿ ಭವನದ ಹಿಂದಿನ ಅಂಗಳದಲ್ಲಿ ಮೂರು ಕಲ್ಲಿಟ್ಟು ಮುದ್ದೆ ಮಾಡಿ ತೋರಿಸಿದಳು. ಒಳಗೆ ಅಡುಗೆ ಮಾಡಬಾರದು ಅಂದಿದ್ದರೇ ಹೊರತು ಹೊರಗೆ ಬೇಡ ಅಂದಿರಲಿಲ್ಲ. ಅಗಿಯದೆ ನುಂಗಬೇಕು ಎಂದಾಗ ಗಂಡಸರು ನಕ್ಕರು. ಮುಂದಿನ ವಾರ ಅವರಲ್ಲಿ ಒಬ್ಬಾಕೆ ರಾಗಿ ಹಿಟ್ಟಿಗೆ ಬೆಲ್ಲ, ಕಾಯಿತುರಿ ಹಾಕಿ ಆವಿಯಲ್ಲಿ ಬೇಯಿಸಿದ ಏನನ್ನೋ ತಂದಳು. ಮುದ್ದೆಗಿಂತ ಅದೇ ಚೆನ್ನಾಗಿತ್ತು ಅಂತ ಹೆಡ್‌ಮಾಸ್ಟರರ ಅಭಿಪ್ರಾಯ. ನಾನು ಒಪ್ಪುವುದಿಲ್ಲ.

ವಿಳಾಸದ ವಿಷಯ ಮಾತ್ರ ತಮಾಷೆಯದ್ದಾಗಿರಲಿಲ್ಲ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗಿನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮ್ಮ ಹೆಂಗಸರಿಗೆಲ್ಲ ಟಿಕೆಟ್ಟಿಗೆ ದುಡ್ಡಿಲ್ಲ, ಆದರೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಆಲ್ದೂರಿನಿಂದ ಒಂದೇ ಬಸ್ಸಿನಲ್ಲಿ, ಒಂದೇ ತೋಟದಿಂದ ಬರುವ ಇಬ್ಬರು ಹೆಂಗಸರಲ್ಲಿ ಒಬ್ಬಳಿಗೆ ಉಚಿತ, ಇನ್ನೊಬ್ಬಳಿಗೆ ಪೂರ್ತಿ ದುಡ್ಡು. "ನನ್ನ ಆಧಾರ್‌ನ ವಿಳಾಸವನ್ನೂ ಇಲ್ಲಿಗೆ ಬದಲಾಯಿಸಿ ಕೊಡಿ" ಎಂದು ಒಬ್ಬಾಕೆ ಪಟ್ಟು ಹಿಡಿದಳು. ಬದಲಾಯಿಸುವುದು ಕಷ್ಟವಲ್ಲ. ಆಕೆಯ ಗಂಡ ಮಾತ್ರ ಬೇಡವೇ ಬೇಡ ಎಂದು ಕೈಮುಗಿದ.

ಅವನ ಹೆದರಿಕೆ ಅರ್ಥವಾಗಬೇಕಾದರೆ ಅಸ್ಸಾಮಿನ ಎನ್‌ಆರ್‌ಸಿ, ಅಂದರೆ ಪೌರರ ರಾಷ್ಟ್ರೀಯ ನೋಂದಣಿ ಪಟ್ಟಿ, ಗೊತ್ತಿರಬೇಕು. 2019ರ ಆಗಸ್ಟ್ 31ರಂದು ಪ್ರಕಟವಾದ ಕೊನೆಯ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ತಾತನ ಹೆಸರಿನ ಒಂದು ಅಕ್ಷರ, ಮದುವೆಯಾಗಿ ಬಂದವಳ ತಂದೆಯ ಊರು, ಇಂಥವುಗಳ ಮೇಲೆ ಮನೆಮನೆಯಲ್ಲೂ ಜನ ವರ್ಷಗಟ್ಟಲೆ ಓಡಾಡಿದ್ದರು. ಹಾಗೆ ಓಡಾಡಿ ಉಳಿಸಿಕೊಂಡ ಊರಿನ ವಿಳಾಸವನ್ನು ಬಸ್ ಟಿಕೆಟ್ಟಿಗಾಗಿ ಬಿಟ್ಟುಕೊಡು ಎಂದು ನಾವು ಯಾವ ಬಾಯಿಂದ ಹೇಳುವುದು? ಇನ್ನೂ ಕೆಲವರ ಕಥೆ ಬೇರೆ. ಆ ಪಟ್ಟಿಯ ಹಕ್ಕು-ಆಕ್ಷೇಪಣೆಯ ಹಂತದಲ್ಲಿ ಬೆರಳಚ್ಚು ಕೊಟ್ಟ 27 ಲಕ್ಷಕ್ಕೂ ಹೆಚ್ಚು ಜನರ ಬಯೋಮೆಟ್ರಿಕ್ ಹಾಗೇ ಬೀಗ ಬಿದ್ದು ಉಳಿಯಿತು, ಅವರಿಗೆ ಆಧಾರ್ ನಂಬರೇ ಬರಲಿಲ್ಲ. 2024ರಲ್ಲಿ ಅಸ್ಸಾಂ ಸರ್ಕಾರ ಅವರಲ್ಲಿ 9 ಲಕ್ಷಕ್ಕೂ ಮಿಕ್ಕವರಿಗೆ ಕಾರ್ಡು ಸಿಗುತ್ತದೆ ಎಂದು ಹೇಳಿತು. ನಮ್ಮ ಮೇಜಿನ ಮುಂದೆ ಕೂತ ಒಬ್ಬ ಹುಡುಗಿಯ ಹತ್ತಿರ ಇದ್ದದ್ದು ಮಾಸಿದ ನೋಂದಣಿ ಚೀಟಿ ಮಾತ್ರ. ಅವಳ ಹೆಸರಿನಲ್ಲಿ ಸಿಮ್ ಇಲ್ಲ, ರೇಷನ್ ಇಲ್ಲ, ಬ್ಯಾಂಕ್ ಖಾತೆ ಇಲ್ಲ. ಕೂಲಿ ಅಣ್ಣನ ಖಾತೆಗೆ ಹೋಗುತ್ತಿತ್ತು. ಊರಲ್ಲಿರುವ ಇನ್ನೊಬ್ಬ ಅಣ್ಣನಿಗೆ ಯಾವ ಕಚೇರಿಯಲ್ಲಿ ವಿಚಾರಿಸಬೇಕು ಎಂದು ಬರೆದು ಕಳಿಸಿದ್ದಷ್ಟೇ ನಮ್ಮಿಂದಾದದ್ದು.

ಇಲ್ಲಿನ ಜನರ ಬಾಯಲ್ಲಿ ಇವರೆಲ್ಲ ಒಂದೋ 'ಅಸ್ಸಾಮಿನವರು', ಇಲ್ಲ 'ಬಾಂಗ್ಲಾದವರು'. ಒಂದು ಸಾಲು ಲೈನ್ ಮನೆಯಲ್ಲಿ ಅಸ್ಸಾಮೀಸ್, ಬಂಗಾಳಿ, ಬೋಡೊ, ಚಹಾ ತೋಟದ ಸಾದ್ರಿ ಎಲ್ಲ ಕೇಳಿದ ಮೇಲೆ ನನಗೂ ಕಣ್ಣು ಬಿಟ್ಟ ಹಾಗಾಯಿತು. ಚಹಾ ತೋಟದವರ ಹಿರಿಯರು ಜಾರ್ಖಂಡ್ ಕಡೆಯಿಂದ ಬ್ರಿಟಿಷರ ಕಾಲದಲ್ಲೇ ಅಸ್ಸಾಮಿಗೆ ಹೋದವರು. ಈಗ ಮೊಮ್ಮಕ್ಕಳು ಚಹಾದಿಂದ ಕಾಫಿಗೆ ಬಂದಿದ್ದಾರೆ. ದಾಖಲೆ ತಪಾಸಣೆ ನಮ್ಮ ಕೆಲಸವಲ್ಲ ಎಂದು ನಾವು ಮೊದಲೇ ತೀರ್ಮಾನಿಸಿದ್ದೆವು. ಯಾರ ಕಾಗದದ ಜೆರಾಕ್ಸನ್ನೂ ಇಟ್ಟುಕೊಳ್ಳುವುದಿಲ್ಲ, ಮೊಬೈಲಿನಲ್ಲಿ ಫೋಟೋ ತೆಗೆಯುವುದಿಲ್ಲ. ರಿಜಿಸ್ಟರಿನಲ್ಲಿ ಬಂದ ಕೆಲಸ ಬರೆಯುತ್ತೇವೆ, ಹೇಳಿದ ಹೆಸರು ಬರೆಯುತ್ತೇವೆ. ಬಡಾವಣೆಯ ಕೆಲವರಿಗೆ ಇದು ಇಂದಿಗೂ ಸರಿಬಂದಿಲ್ಲ.

ಒಂದು ಜನನ ಪ್ರಮಾಣಪತ್ರದ ಕೆಲಸ ಬಹಳ ದಿನ ಎಳೆಯಿತು. ಗರ್ಭಿಣಿಯೊಬ್ಬಳನ್ನು ಆಶಾ ಕಾರ್ಯಕರ್ತೆ ಕರೆದುಕೊಂಡು ಹೋಗಿ ತಾಯಿ ಕಾರ್ಡ್ ಮಾಡಿಸಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಹೆಣ್ಣುಮಗು ಹುಟ್ಟಿತು. 21 ದಿನದೊಳಗೆ ನೋಂದಣಿ ಮಾಡಿಸಿದರೆ ಶುಲ್ಕವಿಲ್ಲ, ಅಲೆದಾಟವೂ ಕಡಿಮೆ. ಕರಡು ಕೈಗೆ ಬಂದಾಗ ತಂದೆ ಭವನಕ್ಕೆ ತಂದು, ತನ್ನ ಆಧಾರ್, ತನ್ನ ತಂದೆಯ ಹಳೇ ಮತದಾರರ ಪಟ್ಟಿಯ ಪ್ರತಿ, ಹೆಂಡತಿಯ ಶಾಲೆಯ ಕಾಗದ ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಇಂಗ್ಲಿಷಿನ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಹೋಲಿಸಿದ. ಹೆಂಡತಿಯ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿತ್ತು. ನಮ್ಮ ಅಂಗಡಿಯ ಹುಡುಗ, "ಇದೇನು ದೊಡ್ಡದಲ್ಲ ಭಯ್ಯಾ, ಹೀಗೇ ಇರಲಿ" ಅಂದ. ಆ ತಂದೆ ಮೇಜು ಬಿಟ್ಟು ಏಳಲಿಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಪಾಸ್‌ಪೋರ್ಟಿನವರೆಗೆ ಹುಟ್ಟಿದ ದಿನ ಮತ್ತು ಜಾಗಕ್ಕೆ ಈ ಪತ್ರವೇ ಆಧಾರ. ಅದನ್ನು ನಾನು ಓದಿ ತಿಳಿದುಕೊಂಡಿದ್ದೆ. ಅವನಿಗೆ ಓದದೆಯೂ ಗೊತ್ತಿತ್ತು. ಅರ್ಜಿ ಬರೆದು ಆ ಅಕ್ಷರ ತೆಗೆಸಿದ ಮೇಲೆಯೇ ಅವನು ಸಹಿ ಹಾಕಿದ್ದು. ಮಗುವಿಗೆ ಹೆಸರಿಟ್ಟದ್ದೂ ಅದಾದ ಮೇಲೆ.

ಶಾಲೆಯದು ಸುಲಭವಾಗಿ ಆಯಿತು, ಅದರ ಪೂರ್ತಿ ಶ್ರೇಯ ಹೆಡ್‌ಮಾಸ್ಟರರಿಗೆ. ಟಿಸಿ ಇಲ್ಲ, ವಯಸ್ಸಿನ ದಾಖಲೆ ಇಲ್ಲ ಎಂದು ಮಕ್ಕಳನ್ನು ಸೇರಿಸಿಕೊಳ್ಳಲು ಒಂದು ಕಡೆ ಹಿಂದೆಮುಂದೆ ನೋಡಿದಾಗ, ಅವರು 2009ರ ಶಿಕ್ಷಣ ಹಕ್ಕು ಕಾಯ್ದೆಯ 5 ಮತ್ತು 14ನೇ ಸೆಕ್ಷನ್ ಇರುವ ಪುಟದ ಪ್ರತಿ ಹಿಡಿದು ಹೋದರು. ಟಿಸಿ ತಡವಾದರೆ, ವಯಸ್ಸಿನ ಪುರಾವೆ ಇಲ್ಲದಿದ್ದರೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿದೆ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಮೇಷ್ಟ್ರಿಗೆ ಮೇಷ್ಟ್ರು ಮಾತಾಡಿದರೆ ಕೆಲಸ ಬೇಗ ಆಗುತ್ತದೆ ಅನ್ನುವುದೂ ಒಂದು ಸತ್ಯ. ಮಕ್ಕಳು ಮಧ್ಯಾಹ್ನದ ಮೊಟ್ಟೆಯ ಆಸೆಗೆ ಒಂದು ದಿನವೂ ತಪ್ಪಿಸಲಿಲ್ಲ. ಕನ್ನಡವನ್ನು ನಮಗೆ ತಿಳಿಯದ ಹಾಗೆ ಕಲಿತುಬಿಟ್ಟರು, ಬೈಗುಳದಿಂದ ಶುರುಮಾಡಿ.

ದೊಡ್ಡವರ ಕನ್ನಡ ತರಗತಿಗೆ ಮೊದಲು ನಾವು ವರ್ಣಮಾಲೆಯ ಚಾರ್ಟ್ ತೂಗುಹಾಕಿದ್ದೆವು. ಎರಡನೇ ವಾರಕ್ಕೆ ಯಾರೂ ಬರಲಿಲ್ಲ. ದಿನವಿಡೀ ಹಣ್ಣು ಕೊಯ್ದು ಬಂದವರಿಗೆ ಅ ಆ ಇ ಈ ಯಾಕೆ ಬೇಕು? ತಾವೇನು ಕಲಿಯಬೇಕು ಎಂದು ಹೇಳಿದವನು ಒಬ್ಬ ಹುಡುಗ. ತನ್ನ ತೂಕದ ಚೀಟಿಯನ್ನು ತಂದು ತೋರಿಸಿದ. ಅಂಕಿಗಳು ಅವನಿಗೆ ಓದಲು ಬರುತ್ತವೆ. ಆದರೆ ಅಂಕಿಗಳ ಮೇಲೆ ತೋಟದ ಲೆಕ್ಕ ಬರೆಯುವ ರೈಟರ್ ಕನ್ನಡದಲ್ಲಿ ಬರೆದ ತಲೆಬರಹ ಯಾವುದು ಏನು ಎಂದು ಗೊತ್ತಿಲ್ಲ. ಅಂದಿನಿಂದ ಪಾಠ ಬದಲಾಯಿತು. ತೂಕ, ಕೂಲಿ, ಮುಂಗಡ, ಕಡಿತ, ಬಾಕಿ, ರಜೆ: ಈ ಪದಗಳನ್ನು ಓದುವುದೇ ಪಾಠ. ಮುಂಗಡ ಎಷ್ಟು ತಗೊಂಡೆ, ಎಷ್ಟು ಕಡಿದರು, ಎಷ್ಟು ಉಳಿಯಿತು ಎಂದು ಲೆಕ್ಕ ಹಾಕುವುದು ಮುಂದಿನ ಪಾಠ. ಮೂರನೆಯದು ಕೇಳುವುದು: "ರೈಟರೇ, ಈ ಕಡಿತ ಯಾಕೆ?" ಎಂದು ದನಿ ಏರಿಸದೆ, ತಗ್ಗಿಸದೆ ಕೇಳುವ ಅಭ್ಯಾಸ. ಹೆಡ್‌ಮಾಸ್ಟರು ರೈಟರ್ ಆಗಿ ಕೂತು ಗದರುತ್ತಿದ್ದರು, ಇವರು ಸಾಲಾಗಿ ಬಂದು ಕೇಳುತ್ತಿದ್ದರು. ತರಗತಿಗೆ ಜನ ಜಾಸ್ತಿಯಾಗಿದ್ದು ಆಗ. ಬಸ್ಸಿನ ಬೋರ್ಡು, ಔಷಧಿ ಚೀಟಿ, ಆಸ್ಪತ್ರೆಯಲ್ಲಿ ಹೇಳಬೇಕಾದ ನೋವುಗಳು ಆಮೇಲೆ ಬಂದವು.

ಸಾಂಸ್ಕೃತಿಕ ಕಾರ್ಯಕ್ರಮ ಅಂದರೆ ನನಗೆ ಅಷ್ಟಕ್ಕಷ್ಟೆ. ವೇದಿಕೆ, ಹಾರ, ಮುಖ್ಯ ಅತಿಥಿ, ಅವರು ಮಾತಾಡುವಷ್ಟು ಹೊತ್ತು ಹಿಂದೆ ಕಾಯುವ ಮಕ್ಕಳು. ನವೆಂಬರ್ 1ಕ್ಕೆ ಹಾಗೇ ಮಾಡಿದೆವು, ಹಾಗೇ ಆಯಿತು. ಅತಿಥಿಗಳು ಕನ್ನಡದ ಹಿರಿಮೆಯ ಬಗ್ಗೆ ದೀರ್ಘವಾಗಿ ಮಾತಾಡಿದರು. ಎದುರಿಗೆ ಕೂತಿದ್ದವರು ಅದನ್ನು ಅರ್ಥಮಾಡಿಕೊಳ್ಳುವಷ್ಟು ಕನ್ನಡ ಕಲಿಯಲು ಇನ್ನೂ ಎರಡು ಸುಗ್ಗಿ ಬೇಕಿತ್ತು.

ಜನವರಿಯದ್ದು ಬೇರೆ ಥರ ಆಯಿತು. ನಮ್ಮ ಸಂಕ್ರಾಂತಿಯ ಹೊತ್ತಿಗೇ ಅವರಿಗೆ ಮಾಘ ಬಿಹು. ಹಿಂದಿನ ರಾತ್ರಿ ಉರುಕಾ, ಎಲ್ಲರೂ ಕೂಡಿ ಅಡುಗೆ ಮಾಡಿ ಉಣ್ಣುವುದು. ಬೆಳಗಿನ ಜಾವ ಬಿದಿರು, ಒಣಹುಲ್ಲಿನಿಂದ ಕಟ್ಟಿದ 'ಮೇಜಿ' ಎಂಬ ಗೂಡಿಗೆ ಬೆಂಕಿ ಕೊಡುವುದು. ಅರೇಬಿಕಾ ಕೊಯ್ಲು ಮುಗಿಯುತ್ತ, ರೊಬಸ್ಟಾ ಶುರುವಾಗುವ ಸಮಯ, ಊರಿಗೆ ಹೋಗುವ ಹಾಗಿಲ್ಲ. ಭವನದ ಅಂಗಳದಲ್ಲಿ ಮೇಜಿ ಕಟ್ಟಬೇಕು ಎಂದಾಗ ಮೇಲೆ ಕರೆಂಟ್ ತಂತಿ ಇದೆ ಎಂದು ಬಡಾವಣೆಯ ಸಂಘದವರು ಒಪ್ಪಲಿಲ್ಲ, ಅದು ನ್ಯಾಯವೇ. ಪಕ್ಕದ ಖಾಲಿ ಸೈಟಿನಲ್ಲಿ ಸೊಂಟದೆತ್ತರದ್ದು ಕಟ್ಟಿದರು.

ತಿಂಡಿಯ ಕಡೆ ನನ್ನ ಗಮನ. ಅವರ ತಿಲ್ ಪೀಠಾ ಮಾಡಲು ಬೋರಾ ಎಂಬ ಅಂಟಿನ ಅಕ್ಕಿ ಬೇಕು. ನೆನೆಸಿ, ಕುಟ್ಟಿ, ಹಸಿ ಇರುವಾಗಲೇ ಜರಡಿ ಹಿಡಿದು, ಎಣ್ಣೆ ಹಚ್ಚದ ಕಾದ ಹಂಚಿನ ಮೇಲೆ ಪುಡಿಯನ್ನು ತೆಳುವಾಗಿ ಹರಡಿ, ಮೇಲೆ ಹುರಿದ ಕಪ್ಪೆಳ್ಳು-ಬೆಲ್ಲ ಉದುರಿಸಿ ಸುರುಳಿ ಸುತ್ತುತ್ತಾರೆ. ನೀರು ಹಾಕಿ ಕಲಸುವುದೇ ಇಲ್ಲ. ಹಿಟ್ಟಿನ ತೇವವೇ ಅದನ್ನು ಹಿಡಿದಿಡಬೇಕು. ನಮ್ಮ ದೋಸೆ ಅಕ್ಕಿಯಲ್ಲಿ ಮಾಡಲು ಹೋದರೆ ಸುತ್ತುವಾಗಲೇ ಮುರಿದು ಪುಡಿಯಾಯಿತು. ಕೊನೆಗೆ ಯಾರೋ ಊರಿನಿಂದ ಬಂದವರು ಚೀಲದಲ್ಲಿ ತಂದಿದ್ದ ಒಂದಿಷ್ಟು ಬೋರಾ ಅಕ್ಕಿ ಸಿಕ್ಕಿತು. ನಮ್ಮ ಮನೆಗಳಿಂದ ಬಿಳಿ ಎಳ್ಳು, ಬೆಲ್ಲದ ಅಚ್ಚು, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಬಂತು. ಎಳ್ಳು ಬೀರುವುದನ್ನು ನಮ್ಮ ಹೆಣ್ಣುಮಕ್ಕಳು ಅವರಿಗೆ ಹೇಳಿಕೊಡಬೇಕಾಗಿಯೇ ಬರಲಿಲ್ಲ. ತಟ್ಟೆ ಕೈಗೆ ಕೊಟ್ಟದ್ದೇ ತಡ ಅವರೂ ಮನೆಮನೆಗೆ ಹೊರಟರು. ಅದುವರೆಗೆ ತಮ್ಮ ಗೇಟಿನ ಒಳಗೆ ಯಾವ ಕೂಲಿಯವರನ್ನೂ ಬಿಟ್ಟುಕೊಳ್ಳದ ಒಂದೆರಡು ಮನೆಗಳಲ್ಲೂ ಅಂದು ಬಾಗಿಲು ತೆಗೆದರು. ಹಬ್ಬದ ದಿನ ಎಳ್ಳು ತಂದವರನ್ನು ಹಿಂದೆ ಕಳಿಸುವುದು ಹೇಗೆ!

ಸಂಜೆ ಕುಣಿತ. ಇದರಲ್ಲಿ ಅವರವರಲ್ಲೇ ತಕರಾರು. "ಕುಣಿಯುವ ಬಿಹು ಏಪ್ರಿಲ್‌ನದು, ಇದು ತಿನ್ನುವ ಬಿಹು" ಎಂದು ವಯಸ್ಸಾದವರೊಬ್ಬರು ಮುಖ ಸಿಂಡರಿಸಿದರು. ಏಪ್ರಿಲ್‌ಗೆ ನಾವಿಲ್ಲಿ ಎಲ್ಲಿರುತ್ತೇವೆ ಎಂದು ಹುಡುಗರ ವಾದ. ಹುಡುಗರೇ ಗೆದ್ದರು. ಅವರ ಢೋಲ್ ಇಲ್ಲಿ ಎಲ್ಲಿಂದ ತರುವುದು? ವಾಲಗದವರ ಡೋಲನ್ನು ಕೇಳಿ ತಂದೆವು. ಒಬ್ಬ ಅದನ್ನು ಕೊರಳಿಗೆ ಹಾಕಿಕೊಂಡು, ಒಂದು ಕಡೆ ಕೋಲು, ಇನ್ನೊಂದು ಕಡೆ ಬರೀ ಕೈ ಇಟ್ಟು, ಎರಡು ಸಲ ತಟ್ಟಿ ನೋಡಿ, ಸರಿ ಎಂಬಂತೆ ತಲೆಯಾಡಿಸಿದ. ವಾಲಗದ ಹಿರಿಯರು ಪಕ್ಕದಲ್ಲೇ ನಿಂತಿದ್ದರು, ತಮ್ಮ ವಾದ್ಯದ ಮೇಲೆ ಕಣ್ಣಿಟ್ಟು. ಸ್ವಲ್ಪ ಹೊತ್ತಿಗೆ ಅವರ ಕಾಲೂ ತಾಳ ಹಾಕುತ್ತಿತ್ತು. ಚಹಾ ತೋಟದ ಕಡೆಯ ಹೆಂಗಸರು ಕೈಕೈ ಹೆಣೆದು ಝುಮುರ್ ಕುಣಿದರು, ನಮ್ಮ ಸ್ತ್ರೀಶಕ್ತಿ ಸಂಘದವರು ಕೋಲಾಟ ಆಡಿದರು. ಎಲ್ಲರಿಗೂ ಈ ಹಬ್ಬ ತಮ್ಮದು ಅನ್ನಿಸಲಿಲ್ಲ ಅನ್ನುವುದನ್ನೂ ಹೇಳಬೇಕು. ಬಂಗಾಳಿ ಮಾತಾಡುವ ಕೆಲವು ಮನೆಯವರು ದೂರದಲ್ಲೇ ನಿಂತು ನೋಡಿ ಹೋದರು. ಅವರ ಮಕ್ಕಳು ಮಾತ್ರ ಪೀಠಾ ತಿನ್ನಲು ಎರಡೆರಡು ಸಲ ಸಾಲಿನಲ್ಲಿ ನಿಂತರು.

ಮರುವಾರ ನಮ್ಮ ಕೇಂದ್ರಕ್ಕೆ ಬಂದವರಲ್ಲಿ ಹೆಚ್ಚಿನವರು ಹೆಂಗಸರು, ಅದುವರೆಗೆ ಗಂಡಂದಿರನ್ನಷ್ಟೇ ಕಳಿಸುತ್ತಿದ್ದವರು. ಕೇಳಿದ ಪ್ರಶ್ನೆಗಳೂ ಬೇರೆ. ಮಗುವಿಗೆ ಊರಿನಲ್ಲಿ ಹಾಕಿಸಿದ ಎರಡು ಚುಚ್ಚುಮದ್ದಿನ ಮುಂದಿನದು ಇಲ್ಲಿ ಎಲ್ಲಿ, ಅಂಗನವಾಡಿಯಲ್ಲಿ ನಮ್ಮ ಮಕ್ಕಳಿಗೂ ಊಟ ಕೊಡುತ್ತಾರಾ, ನನ್ನ ಕೂಲಿ ನನ್ನ ಖಾತೆಗೇ ಬರುವ ಹಾಗೆ ಮಾಡಬಹುದಾ. ಬಾಗಿಲಿಗೆ ನಾವು ಹಿಂದಿಯಲ್ಲಿ ಬರೆದು ಅಂಟಿಸಿದ್ದ ನೋಟಿಸಿನಲ್ಲಿ ಇದಕ್ಕೆಲ್ಲ ಉತ್ತರ ಇತ್ತು. ಅದನ್ನು ಓದಿ ಬಂದವರು ಯಾರೂ ಇಲ್ಲ. ಕ್ಯೂರಿಂಗ್‌ನ ನಮ್ಮ ಗೆಳತಿ ಅವರಲ್ಲಿ ಮೂವರನ್ನು ಜೊತೆಗೆ ಕೂರಿಸಿಕೊಂಡು ಅಂಚೆ ಕಚೇರಿಗೆ ಹೋಗಿ ಖಾತೆ ತೆರೆಸಿದಳು. ನನ್ನನ್ನು ಕರೆಯಲೂ ಇಲ್ಲ.

ಮಾರ್ಚ್ ಮುಗಿದರೆ ಅರ್ಧ ಜನ ಊರಿಗೆ ಹೊರಡುತ್ತಾರೆ. ಹೊರಡುವ ಮುಂಚೆ ಸಿಮ್ ಬಿಸಾಡಬೇಡಿ, ಮೂರು ತಿಂಗಳಿಗೊಮ್ಮೆಯಾದರೂ ಸಣ್ಣ ರೀಚಾರ್ಜ್ ಹಾಕಿಸಿ ಎಂದು ಒಬ್ಬೊಬ್ಬರಿಗೂ ಹೇಳಿ ಕಳಿಸುತ್ತೇವೆ. ಬಿಸಾಡುತ್ತಾರೆ. ಆಧಾರ್ ಇಲ್ಲದ ಆ ಹುಡುಗಿಯ ಅಣ್ಣನಿಂದ ಇನ್ನೂ ಸುದ್ದಿ ಬಂದಿಲ್ಲ. ಭವನಕ್ಕೆ ಬಾಡಿಗೆ ಕೊಡಿ ಎಂದು ಸಂಘದವರು ಈಗ ಕೇಳುತ್ತಿದ್ದಾರೆ, ಮಾತುಕತೆ ನಡೆಯುತ್ತಿದೆ. ನವೆಂಬರಿಗೆ ಮೊದಲು ಪೋಸ್ಟ್‌ಮ್ಯಾನ್ ಬರುವ ಸಂಜೆಗಳನ್ನು ಗೊತ್ತುಮಾಡಬೇಕು, ಶೌಚಾಲಯದ ಬಾಗಿಲು ಸರಿ ಮಾಡಿಸಬೇಕು, ಕನ್ನಡ ತರಗತಿಗೆ ಇನ್ನಿಬ್ಬರು ಬೇಕು. ಅಸ್ಸಾಮೀಸ್ ಬರಬೇಕಾಗಿಲ್ಲ. ರೈಟರ್ ಹಾಗೆ ಗದರಲು ಬಂದರೆ ಸಾಕು, ಹೆಡ್‌ಮಾಸ್ಟರರ ಗಂಟಲು ಈ ವರ್ಷ ಕೈಕೊಟ್ಟಿದೆ.